ತೆಂಗಿನ ಮರಕ್ಕೆ ಕಾಲಂ ಇದೆ, ವೀರಗಲ್ಲಿಗೆ ಇಲ್ಲ

(ಹಾಸನದಲ್ಲಿ ಇತಿಹಾಸ ಮತ್ತು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಸುತ್ತಲಿನ ಹಳ್ಳಿಗಳಿಂದ ಕೆಲವು ರೈತರೂ ಬಂದಿದ್ದರು. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಬಿಟ್ಟಿದ್ದೇನೆ.)

ರಸ್ತೆಗೋ ಕಾಲುವೆಗೋ ಜಮೀನು ಹೋಗುವ ಊರಿನಲ್ಲಿ ಜಂಟಿ ಅಳತೆ ನಡೆಯುವುದನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. ಸರ್ವೆಯವರು ಬರುತ್ತಾರೆ, ಕಂದಾಯದವರು ಬರುತ್ತಾರೆ, ಯೋಜನೆ ಕಡೆಯ ಎಂಜಿನಿಯರು, ತೋಟಗಾರಿಕೆಯವರು, ಜೊತೆಗೆ ಜಮೀನಿನ ಯಜಮಾನರು. ಫಸಲು ಕೊಡುವ ತೆಂಗು ಎಷ್ಟು, ಎಳೆ ಸಸಿ ಎಷ್ಟು, ಕಾಫಿ ಗಿಡ ಅರೇಬಿಕಾವೋ ರೊಬಸ್ಟಾವೋ, ಕೊಳವೆಬಾವಿ ಎಷ್ಟು ಅಡಿ, ಕೊಟ್ಟಿಗೆಗೆ ಹೆಂಚು ಹೊದಿಸಿದೆಯೋ ಶೀಟೋ, ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಬರೆದುಕೊಳ್ಳಲೇಬೇಕು, ಪರಿಹಾರ ನಿಂತಿರುವುದೇ ಅದರ ಮೇಲೆ. ಅದೇ ತೆಂಗಿನ ಬುಡದಲ್ಲಿ ಅರ್ಧ ಹೂತುಹೋದ ಒಂದು ವೀರಗಲ್ಲು ಇದ್ದರೆ? ಅದನ್ನು ಬರೆಯಲು ಆ ಹಾಳೆಯಲ್ಲಿ ಜಾಗವಿಲ್ಲ. ಅದಕ್ಕೆ ದರಪಟ್ಟಿ ಇಲ್ಲ, ಹೋಯಿತೆಂದು ತಕರಾರು ಅರ್ಜಿ ಕೊಡುವವರೂ ಇಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ: ಆ ಹಾಳೆಗೆ ಇನ್ನೊಂದು ಕಾಲಂ ಸೇರಬೇಕು, ಮತ್ತು ಅದನ್ನು ತುಂಬುವ ಕೆಲಸ ನಕ್ಷೆಯ ಮೇಲಿನ ಗೆರೆ ಇನ್ನೂ ಪೆನ್ಸಿಲ್‌ನಲ್ಲಿರುವಾಗಲೇ ಶುರುವಾಗಬೇಕು.

ಮೊದಲೇ ಹೇಳಿಬಿಡುತ್ತೇನೆ, ನಾನು ರಸ್ತೆ ಬೇಡ ಎನ್ನುವವರ ಪೈಕಿ ಅಲ್ಲ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ರಾತ್ರಿಯಿಡೀ ಬಸ್ಸಿನಲ್ಲಿ ಕೂತವರಿಗೆ ಒಳ್ಳೆಯ ರಸ್ತೆಯ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಹಾಸನ, ಬೇಲೂರು, ಚಿಕ್ಕಮಗಳೂರು ರೈಲು ಬೇಕು ಎಂದು ಕೇಳಿದವರು ನಾವೇ. ಆದರೆ ಒಂದು ಸಲ ಈ ಎರಡು ಜಿಲ್ಲೆಗಳ ನಕ್ಷೆ ಹರಡಿಕೊಂಡು ನೋಡಿ. ಸಕಲೇಶಪುರದ ಕಡೆಯಿಂದ ಪೂರ್ವಕ್ಕೆ ಎತ್ತಿನಹೊಳೆಯ ಕಾಲುವೆ, ತರೀಕೆರೆ ಅಜ್ಜಂಪುರದ ಕಡೆ ಭದ್ರಾ ಮೇಲ್ದಂಡೆಯ ಸುರಂಗ ಮತ್ತು ಕಾಲುವೆ, ಅಗಲವಾಗುತ್ತಿರುವ ಬೆಂಗಳೂರು–ಮಂಗಳೂರು ಹೆದ್ದಾರಿ, ಹೊಸ ರೈಲು ಹಳಿ, ಭುವನಹಳ್ಳಿಯ ವಿಮಾನ ನಿಲ್ದಾಣ, ಹೈ ಟೆನ್ಷನ್ ಟವರುಗಳ ಸಾಲು. ಅವು ಹಾದುಹೋಗುವ ನೆಲ ಯಾವುದು? ಹಲ್ಮಿಡಿಯ ನೆಲ, ಹೊಯ್ಸಳರ ಮೂಲ ಊರು ಎನ್ನುವ ಮೂಡಿಗೆರೆ ತಾಲ್ಲೂಕಿನ ಅಂಗಡಿಯ ನೆಲ, 981ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಬೆಳಗೊಳದ ನೆಲ. ಇಲ್ಲಿ ಎಲ್ಲಿ ಗೆರೆ ಎಳೆದರೂ ಅದು ಯಾವುದೋ ಹಳೆಯ ಊರಿನ ಮೇಲೋ ಪಕ್ಕದಲ್ಲೋ ಹೋಗಲೇಬೇಕು.

"ಮುಖ್ಯವಾದವನ್ನೆಲ್ಲ ಸರ್ಕಾರ ರಕ್ಷಣೆ ಮಾಡಿದೆಯಲ್ಲ" ಎಂದು ಕೇಳುವವರಿದ್ದಾರೆ. ಈ ನಂಬಿಕೆಯೇ ನಮ್ಮ ದೊಡ್ಡ ತೊಡಕು. 1958ರ ಕೇಂದ್ರ ಕಾಯ್ದೆ ಪ್ರಾಚೀನ ಸ್ಮಾರಕ ಎಂದರೇನು ಎಂದು ಹೇಳುವಾಗ ಬಹಳ ಉದಾರವಾಗಿದೆ. ನೂರು ವರ್ಷ ದಾಟಿದ ಕಟ್ಟಡ, ಗೋರಿ, ಗುಹೆ, ಶಾಸನ, ನೆಟ್ಟ ಒಂಟಿಕಲ್ಲು, ಎಲ್ಲವೂ ಅದರೊಳಗೆ ಬರುತ್ತವೆ. ಆದರೆ ರಕ್ಷಣೆ ಸಿಗುವುದು ರಾಷ್ಟ್ರೀಯ ಮಹತ್ವದ್ದು ಎಂದು ಘೋಷಣೆಯಾದವಕ್ಕೆ ಮಾತ್ರ. ಇಡೀ ದೇಶದಲ್ಲಿ ಅಂಥವು 3,600 ಚಿಲ್ಲರೆ. 2010ರ ತಿದ್ದುಪಡಿಯ ನಂತರ ಅವುಗಳ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ರಾಜ್ಯದ 1961ರ ಕಾಯ್ದೆಯಡಿ ಇನ್ನಷ್ಟು ಸ್ಮಾರಕಗಳು ಸೇರುತ್ತವೆ. ಎರಡೂ ಪಟ್ಟಿ ಕೂಡಿಸಿದರೂ ಹಳ್ಳಿ ಹಳ್ಳಿಯ ಬೇಲಿಯಲ್ಲಿ, ಕೆರೆ ಏರಿಯಲ್ಲಿ, ತೋಟದ ಮೂಲೆಯಲ್ಲಿ ಇರುವುದರ ಒಂದು ಅಂಚೂ ಆಗುವುದಿಲ್ಲ.

ಹಳೇಬೀಡನ್ನೇ ತೆಗೆದುಕೊಳ್ಳಿ. 2023ರಲ್ಲಿ ಬೇಲೂರು, ಸೋಮನಾಥಪುರದ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ನಾವೆಲ್ಲ ಸಂಭ್ರಮಪಟ್ಟೆವು. ಪ್ರವಾಸಿ ನೋಡುವುದು ಹೊಯ್ಸಳೇಶ್ವರ, ಕೇದಾರೇಶ್ವರ, ಬಸದಿಗಳು. ಆದರೆ ಹಳೇಬೀಡು ಎಂದರೆ ದೋರಸಮುದ್ರ, ಹೊಯ್ಸಳರ ರಾಜಧಾನಿ. ಅದಕ್ಕೆ ಕೋಟೆ ಇತ್ತು, ಬೀದಿಗಳಿದ್ದವು, ಕಮ್ಮಾರರು ಕುಂಬಾರರು ಗಾಣಿಗರು ಇದ್ದರು. ಅವರು ಬದುಕಿದ ಜಾಗ ಇವತ್ತಿನ ಮನೆಗಳ ಕೆಳಗೆ, ರಾಗಿ ಹೊಲದ ಕೆಳಗೆ ಇದೆ. ನಗರೇಶ್ವರದ ದಿಬ್ಬಗಳನ್ನು ಪುರಾತತ್ತ್ವ ಸರ್ವೇಕ್ಷಣದವರು ಅಗೆದಾಗ ದೇವಸ್ಥಾನಗಳ ತಳಪಾಯಗಳೂ ಶಿಲ್ಪಗಳೂ ಹೊರಬಂದವು. ಅಗೆಯುವ ಮುಂಚೆ ಅವು ಬರೀ ದಿಬ್ಬಗಳು. ದಿಬ್ಬ ಎಂದರೆ ನಮ್ಮ ಕಾಲದ ಗುತ್ತಿಗೆದಾರನ ಕಣ್ಣಿಗೆ ಏನು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಹಾಗಾದರೆ ನಾನು ಕೇಳುತ್ತಿರುವ ಪುರಾತತ್ತ್ವ ಸರ್ವೆ ಎಂದರೇನು? ಹುಡುಗರು ಥಟ್ಟನೆ ರೇಡಾರ್, ಡ್ರೋನ್ ಎನ್ನುತ್ತಾರೆ. ಅವೂ ಇವೆ. ನೆಲದೊಳಕ್ಕೆ ತರಂಗ ಬಿಟ್ಟು ಗೋಡೆ ಹುಡುಕುವ ಯಂತ್ರವಿದೆ, ಸುಟ್ಟ ಮಣ್ಣು, ಒಲೆ, ಕುಲುಮೆಗಳನ್ನು ಕಾಂತತ್ವದ ವ್ಯತ್ಯಾಸದಿಂದ ಹಿಡಿಯುವ ಯಂತ್ರವಿದೆ. ಒದ್ದೆ ಜೇಡಿಯಲ್ಲಿ ಮೊದಲನೆಯದಕ್ಕೆ ಆಳ ಸಿಗುವುದಿಲ್ಲ; ಮಲೆನಾಡಿನ ಕಬ್ಬಿಣ ತುಂಬಿದ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಎರಡನೆಯದಕ್ಕೆ ಗೊಂದಲ. ಅದಿರಲಿ. ನಮ್ಮ ಜಿಲ್ಲೆಗಳಿಗೆ ಮೊದಲ ಹಂತ ಮೇಜಿನ ಮೇಲೆ ಮುಗಿಯುತ್ತದೆ, ಮತ್ತು ಅದರ ಮುಕ್ಕಾಲು ಪಾಲನ್ನು ಒಬ್ಬ ಮಹಾನುಭಾವ ನೂರಿಪ್ಪತ್ತು ವರ್ಷ ಹಿಂದೆಯೇ ಮಾಡಿಟ್ಟಿದ್ದಾನೆ.

ಬಿ.ಎಲ್. ರೈಸ್, ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರಿನಿಂದ ಸಂಗ್ರಹಿಸಿದವನು. ಅವನು ಹೊರತಂದ ಶಾಸನ ಸಂಪುಟಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕಾ. ಅದರ ಐದನೆಯ ಸಂಪುಟ ಹಾಸನ ಜಿಲ್ಲೆಯದು, 1902ರಲ್ಲಿ ಬಂತು. ಆರನೆಯದು ಕಡೂರು ಜಿಲ್ಲೆಯದು, 1901ರದು. ಆಗ ಚಿಕ್ಕಮಗಳೂರು ಜಿಲ್ಲೆಗೆ ಅದೇ ಹೆಸರು. ಶಾಸನದ ಪಾಠಕ್ಕಾಗಿ ಎಲ್ಲರೂ ಅವನ್ನು ಓದುತ್ತಾರೆ. ನಾನು ನಿಮಗೆ ತೋರಿಸಬೇಕೆಂದಿರುವುದು ಪಾಠದ ಮೇಲಿನ ಸಣ್ಣ ಸಾಲು. ಯಾವ ಹೋಬಳಿ, ಯಾವ ಗ್ರಾಮ, ಈಶ್ವರ ದೇವಸ್ಥಾನದ ಮುಂದೆ ನೆಟ್ಟ ಕಲ್ಲೋ, ಕೆರೆ ತೂಬಿನ ಹತ್ತಿರದ್ದೋ, ಹೊಲದಲ್ಲಿ ಬಿದ್ದದ್ದೋ, ಅದೆಲ್ಲ ಅಲ್ಲಿದೆ. ಅದು ವಿಳಾಸ. ರಸ್ತೆಯ ಉದ್ದಕ್ಕೂ ಬರುವ ಊರುಗಳ ಹೆಸರು ಬರೆದುಕೊಂಡು ಒಂದು ವಾರ ಕೂತರೆ ಎಲ್ಲೆಲ್ಲಿ ಕಲ್ಲು ಇರಬೇಕು ಎಂಬ ಪಟ್ಟಿ ಕೈಗೆ ಬರುತ್ತದೆ. ಇನ್ನೂ ಒಂದು ಲಾಭವಿದೆ. ದತ್ತಿ ಶಾಸನಗಳು ಕೊಟ್ಟ ಭೂಮಿಯ ಎಲ್ಲೆ ಹೇಳುತ್ತವೆ: ಮೂಡಲು ಯಾವ ಕೆರೆ, ತೆಂಕಲು ಯಾವ ಹಳ್ಳ, ಪಡುವಲು ಎಲ್ಲಿ ನೆಟ್ಟ ಕಲ್ಲು. ಆ ಕೆರೆ ಇವತ್ತು ನಕ್ಷೆಯಲ್ಲಿ ಇಲ್ಲದಿದ್ದರೆ ಅದು ಎಲ್ಲಿತ್ತು ಎಂದು ಹುಡುಕುವುದೇ ಸರ್ವೆ.

ಆಮೇಲೆ ಕಂದಾಯದ ಕಾಗದ. ಗ್ರಾಮ ನಕ್ಷೆಯಲ್ಲಿ ಬೇಚಿರಾಕ್ ಗ್ರಾಮ ಎಂದು ಬರೆದದ್ದನ್ನು ಕಂಡರೆ ಪೆನ್ಸಿಲ್ ಅಲ್ಲೇ ನಿಲ್ಲಬೇಕು. ಜನ ಇಲ್ಲದ ಊರು, ಆದರೆ ಸರ್ಕಾರದ ಲೆಕ್ಕದಲ್ಲಿ ಊರು. ಪ್ಲೇಗಿಗೆ ಬಿಟ್ಟರೋ, ನೀರಿಲ್ಲದೆ ಬಿಟ್ಟರೋ, ಅಂತೂ ಒಂದು ಕಾಲದಲ್ಲಿ ಅಲ್ಲಿ ಒಲೆ ಉರಿಯುತ್ತಿತ್ತು. ಪಕ್ಕದ ಊರಿನವರಲ್ಲಿ ಅದಕ್ಕೆ ಹಾಳೂರು ಎಂಬ ಹೆಸರು ಉಳಿದಿರುತ್ತದೆ. ವರ್ಷಕ್ಕೊಮ್ಮೆ ಹೋಗಿ ಪೂಜೆ ಮಾಡಿ ಬರುವ ಒಂದು ಹನುಮಂತರಾಯನೋ ಮಾರಮ್ಮನೋ ಇರುತ್ತಾರೆ. ಹೊಲಗಳ ಹೆಸರನ್ನೂ ಕೇಳಿ: ಕೋಟೆ ಹೊಲ, ಗುಡಿ ಹೊಲ, ಬಸದಿ ತಿಟ್ಟು. ಪಹಣಿಯಲ್ಲಿ ಬರೀ ನಂಬರು ಇರುತ್ತದೆ, ಹೆಸರು ಇರುವುದು ಜನರ ಬಾಯಲ್ಲಿ.

ಎರಡನೆಯ ಹಂತ ನಡೆಯುವುದು. ನಾಲ್ಕಾರು ಜನ ಹತ್ತಿಪ್ಪತ್ತು ಮೀಟರ್ ಅಂತರದಲ್ಲಿ ಸಾಲಾಗಿ ನಿಂತು, ತಲೆ ಬಗ್ಗಿಸಿ, ನಿಧಾನವಾಗಿ ಹೊಲ ದಾಟುವುದು. ಇದಕ್ಕೆ ಕಾಲ ನೋಡಬೇಕು. ಅರಸೀಕೆರೆ, ಕಡೂರಿನ ಬಯಲಿನಲ್ಲಿ ಉಳುಮೆಯಾಗಿ ಒಂದು ಹದ ಮಳೆ ಬಿದ್ದ ಮೇಲೆ ಹೋಗಬೇಕು. ಮಣ್ಣು ತೊಳೆದು ಚೂರುಗಳು ಮೇಲೆ ಕಾಣುತ್ತವೆ. ಮಲೆನಾಡಿನ ಗದ್ದೆಯಲ್ಲಾದರೆ ಭತ್ತದ ಕೊಯ್ಲಾದ ಮೇಲೆ. ಕಾಫಿ ತೋಟದಲ್ಲಿ ಕಳೆ ಹೊಡೆಸಿದ ತಕ್ಷಣ ಹೋದರೆ ಏನಾದರೂ ಕಂಡೀತು, ಉಳಿದ ದಿನಗಳಲ್ಲಿ ತರಗೆಲೆ ಮಾತ್ರ. ಟೆಂಡರ್ ದಿನಾಂಕಕ್ಕೆ ತಕ್ಕಂತೆ ಆಗಸ್ಟಿನಲ್ಲಿ ಸಕಲೇಶಪುರದಲ್ಲಿ ಸರ್ವೆ ಮಾಡಿ "ಏನೂ ಕಂಡುಬಂದಿಲ್ಲ" ಎಂದು ಬರೆದರೆ, ಆ ವರದಿಯಲ್ಲಿ ನಿಜವಿರುವುದು ಮಳೆಯ ವಿಷಯ ಮಾತ್ರ.

ಏನು ಹುಡುಕಬೇಕು? ನಮ್ಮ ಕಡೆ ಮಕ್ಕಳು ಬೋಕಿ ಎನ್ನುತ್ತಾರಲ್ಲ, ಆ ಮಡಕೆ ಚೂರು. ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ, ಏಕೆಂದರೆ ಇದು ನನಗೆ ಪ್ರಿಯವಾದ ವಸ್ತು. ಚೂರಿನ ಹೊರಮೈ ಕೆಂಪು, ಒಳಮೈ ಮತ್ತು ಬಾಯಂಚು ಕಪ್ಪು, ಉಜ್ಜಿ ನಯ ಮಾಡಿದ್ದು. ಕೈಗೆ ಅಂಥದ್ದು ಸಿಕ್ಕರೆ ನೀವು ಕಬ್ಬಿಣ ಯುಗದವರ ನೆಲದ ಮೇಲೆ ನಿಂತಿರಬಹುದು, ಎರಡು ಸಾವಿರ ವರ್ಷಕ್ಕೂ ಹಿಂದಿನವರು. ಬಣ್ಣ ಬಳಿದು ಆದದ್ದಲ್ಲ ಅದು. ಮಡಕೆಯನ್ನು ಬೋರಲಾಗಿ ಮಗುಚಿ ಸುಟ್ಟಿದ್ದಾರೆ. ಹೊರಗೆ ಗಾಳಿಯಾಡಿ ಮಣ್ಣಿನ ಕಬ್ಬಿಣ ಕೆಂಪಾಗಿದೆ, ಒಳಗೆ ಗಾಳಿ ಇಲ್ಲದೆ ಹೊಗೆ ಕಟ್ಟಿ ಕಪ್ಪಾಗಿದೆ. ಮುರಿದ ಅಂಚನ್ನು ಬಿಸಿಲಿಗೆ ಹಿಡಿದರೆ ಆ ಎರಡು ಬಣ್ಣ ಎಲ್ಲಿ ಸೇರುತ್ತವೆ ಎಂಬ ಗೆರೆ ಕೂಡ ಕಾಣುತ್ತದೆ. ಅದರ ಜೊತೆಗೆ ಕಬ್ಬಿಣದ ಕಿಟ್ಟ ಸಿಕ್ಕರೆ, ಹತ್ತಿರದಲ್ಲೆಲ್ಲೋ ಗುಂಡುಕಲ್ಲುಗಳನ್ನು ದುಂಡಗೆ ಜೋಡಿಸಿದ್ದು ಕಂಡರೆ, ಅದು ಸಮಾಧಿ. ನಮ್ಮವರು ಪಾಂಡವರ ಮನೆ ಎಂದು ಬಿಟ್ಟಿರುತ್ತಾರೆ. ಒಂದೊಂದು ಚೂರನ್ನೂ ಎಲ್ಲಿ ಸಿಕ್ಕಿತು ಎಂದು ಜಿಪಿಎಸ್‌ನಲ್ಲಿ ಗುರುತಿಸಿದರೆ ನಕ್ಷೆಯ ಮೇಲೆ ಒಂದು ಗುಂಪು ಮೂಡುತ್ತದೆ. ಅಲ್ಲಿ ಒಂದೆರಡು ಪರೀಕ್ಷಾ ಗುಂಡಿ ತೆಗೆದು ಕೆಳಗೆ ಪದರ ಇದೆಯೇ, ಇಲ್ಲ ನೀರಿಗೆ ಕೊಚ್ಚಿಬಂದ ಚೂರುಗಳೇ ಎಂದು ನೋಡಬೇಕು. ಇದ್ದರೆ ಎಂಜಿನಿಯರ ಹತ್ತಿರ ಹೋಗಿ, "ಸ್ವಾಮಿ, ಗೆರೆಯನ್ನು ಅರವತ್ತು ಮೀಟರ್ ಬಡಗಲಿಗೆ ಸರಿಸಲು ಆಗುತ್ತದೆಯೇ?" ಎಂದು ಕೇಳಬೇಕು. ಪೆನ್ಸಿಲ್ ಗೆರೆಯಾದರೆ ಆಗುತ್ತದೆ. ಹೆದ್ದಾರಿ ಕಾಯ್ದೆಯ 3ಡಿ ಅಧಿಸೂಚನೆ ಹೊರಬಿದ್ದು ಜಮೀನು ಸರ್ಕಾರದ್ದಾದ ಮೇಲೆ ಅದೇ ಅರವತ್ತು ಮೀಟರಿಗೆ ಕೋರ್ಟು, ಕಚೇರಿ, ವರ್ಷಗಳು.

ವೀರಗಲ್ಲಿನ ವಿಷಯವನ್ನು ಬಿಡಿಸಿ ಹೇಳಬೇಕು. ಸಾಮಾನ್ಯವಾಗಿ ಮೂರು ಪಟ್ಟಿಕೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕೂತಿರುವುದು. ಬರಹ ಇದ್ದರೆ ಹೆಚ್ಚಾಗಿ ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿಯಲ್ಲಿ. ಕಾಲಾಂತರದಲ್ಲಿ ಮಣ್ಣು ಏರಿ ಕೆಳಗಿನ ಪಟ್ಟಿಕೆ ಮುಚ್ಚಿರುತ್ತದೆ, ಅಂದರೆ ತುರು ಕಳ್ಳರೊಡನೆ ಕಾದಿದನೋ, ಹುಲಿಯ ಬಾಯಿಗೆ ಸಿಕ್ಕನೋ ಎಂಬ ಕಥೆಯೇ ಹೂತಿರುತ್ತದೆ. ಹಿಟಾಚಿಯ ಬಕೆಟ್ ಅದನ್ನು ಮೇಲಿನಿಂದ ಹಿಡಿದು ಎಳೆದಾಗ ಕಲ್ಲು ಮುರಿಯುವುದು ಮಣ್ಣಿನ ಮಟ್ಟದಲ್ಲೇ. ಆಪರೇಟರ್ ಹುಡುಗನನ್ನು ಬೈದು ಪ್ರಯೋಜನವಿಲ್ಲ, ಅವನಿಗೆ ಯಾರೂ ಹೇಳಿಲ್ಲ. ಬ್ರಿಟನ್ನಿನಲ್ಲಿ ಇಂಥ ನೆಲದ ಮೇಲ್ಮಣ್ಣು ತೆಗೆಯುವಾಗ ಬಕೆಟ್ಟಿಗೆ ಹಲ್ಲು ಇರುವುದಿಲ್ಲ, ನೇರ ಅಂಚಿನ ಬಕೆಟ್ ಹಾಕಿ ತೆಳುವಾಗಿ ಕೆರೆಯುತ್ತಾರೆ, ಪಕ್ಕದಲ್ಲಿ ಪುರಾತತ್ತ್ವದವನೊಬ್ಬ ಕೈ ಎತ್ತಲು ಸಿದ್ಧನಾಗಿ ನಿಂತಿರುತ್ತಾನೆ. ನಮ್ಮಲ್ಲಿಯೂ ಚರಂಡಿ ಬಳಿಯುವ ಬಕೆಟ್ ಅಂಥದ್ದೇ ಇದೆ. ಯಂತ್ರ ಇದೆ, ಡ್ರೈವರ್ ಇದ್ದಾನೆ, ಕೈ ಎತ್ತುವವನಿಲ್ಲ.

ಈಗ ದಿಬ್ಬಕ್ಕೆ ಬರುತ್ತೇನೆ. ಎಂಜಿನಿಯರಿಂಗ್ ಓದುವವರು ಇದನ್ನು ಬರೆದುಕೊಳ್ಳಿ. ನನ್ನ ಪ್ರಕಾರ ರಸ್ತೆ ಹಾದುಹೋಗುವ ಪಟ್ಟಿಗಿಂತ ಹೆಚ್ಚು ಅಪಾಯ ಇರುವುದು ರಸ್ತೆಗೆ ಮಣ್ಣು ತರುವ ಜಾಗದಲ್ಲಿ. ರಸ್ತೆ ಏರಿಸಲು ಸಾವಿರಾರು ಲೋಡು ಮಣ್ಣು ಬೇಕು. ಗುತ್ತಿಗೆದಾರ ಎಲ್ಲಿ ಹುಡುಕುತ್ತಾನೆ? ಸಾಗುವಳಿ ಇಲ್ಲದ, ತಕರಾರು ಇಲ್ಲದ, ಸುಲಭವಾಗಿ ಅಗೆಯಲು ಬರುವ ದಿಬ್ಬವನ್ನು. ಗೋಮಾಳ, ಖರಾಬು ಜಮೀನು, ಕೆರೆಯ ಹಿಂಭಾಗ. ಹಾಳೂರಿನ ತಿಟ್ಟು ಅಂದರೆ ಇದೇ ತಾನೇ? ನೂರಾರು ವರ್ಷ ಮನೆ ಬಿದ್ದು, ಬೂದಿ ಸೇರಿ, ಮತ್ತೆ ಮನೆ ಎದ್ದು ಆದ ಮೆದು ಮಣ್ಣು. ರೈತರು ಮೊದಲಿನಿಂದಲೂ ಗಾಡಿಯಲ್ಲಿ ಅದನ್ನು ಗೊಬ್ಬರಕ್ಕೆ ಹೊಡೆದಿದ್ದಾರೆ, ಅದರಿಂದ ತಿಟ್ಟು ಸವೆಯಿತೇ ಹೊರತು ಮುಗಿಯಲಿಲ್ಲ. ಟಿಪ್ಪರಿಗೆ ಒಂದು ತಿಂಗಳು ಸಾಕು. ರಸ್ತೆಯ ಗೆರೆಗೆ ಸರ್ವೆ ಮಾಡಿದೆವು ಎಂದು ಬೀಗುವ ಮುಂಚೆ ಮಣ್ಣಿನ ಗುಂಡಿ, ಜಲ್ಲಿ ಕ್ವಾರಿ, ಕಾರ್ಮಿಕರ ಶೆಡ್ಡು, ಹಾಟ್ ಮಿಕ್ಸ್ ಪ್ಲಾಂಟು, ಇವಕ್ಕೂ ಸರ್ವೆ ಆಗಿದೆಯೇ ಎಂದು ಕೇಳಬೇಕು.

ನಮ್ಮ ದೇಶಕ್ಕೆ ಇದೇನೂ ಹೊಸದಲ್ಲ. ನಾಗಾರ್ಜುನ ಸಾಗರದ ಅಣೆಕಟ್ಟಿಗಾಗಿ ನಾಗಾರ್ಜುನಕೊಂಡದ ಕಣಿವೆ ಮುಳುಗುವುದು ಖಚಿತವಾದಾಗ 1954ರಿಂದ 1960ರವರೆಗೆ ಪುರಾತತ್ತ್ವ ಸರ್ವೇಕ್ಷಣದ ಆರ್. ಸುಬ್ರಹ್ಮಣ್ಯಂ ಅವರ ನೇತೃತ್ವದಲ್ಲಿ ಉತ್ಖನನ ನಡೆಯಿತು. ಇಕ್ಷ್ವಾಕುಗಳ ರಾಜಧಾನಿಯ ಸ್ತೂಪ, ವಿಹಾರಗಳಷ್ಟೇ ಅಲ್ಲದೆ ಅದಕ್ಕೂ ಹಿಂದಿನ ಶಿಲಾಯುಗದವರೆಗಿನ ನೆಲೆಗಳು ಸಿಕ್ಕವು. ಆಯ್ದ ಕೆಲವನ್ನು ಬಿಚ್ಚಿ, ಬೆಟ್ಟದ ಮೇಲೂ ಅನುಪು ಎಂಬ ದಡದಲ್ಲೂ ಮತ್ತೆ ಕಟ್ಟಿದರು. ದುಡ್ಡಿಗೆ ಈಗಿಗಿಂತ ಹೆಚ್ಚು ಬಡತನವಿದ್ದ ಕಾಲ ಅದು. ಗೊರೂರಿಗೆ ಬನ್ನಿ. 1979ರಲ್ಲಿ ಹೇಮಾವತಿ ಅಣೆಕಟ್ಟು ಮುಗಿಯಿತು, ಹಿನ್ನೀರಿನಲ್ಲಿ ಹಳ್ಳಿಗಳು ಹೋದವು. ಶೆಟ್ಟಿಹಳ್ಳಿಯ ಚರ್ಚು ಮಾತ್ರ ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಎದ್ದು ನಿಂತು ಎಲ್ಲರ ಮೊಬೈಲಿನಲ್ಲಿದೆ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಗಟ್ಟಿ ಗೋಡೆಯಾದ್ದರಿಂದ ಅದು ನಿಂತಿದೆ. ಎತ್ತರ ಇದ್ದದ್ದು ಪಿಕ್ನಿಕ್ ಜಾಗವಾಯಿತು. ನೆಲದ ಮಟ್ಟದಲ್ಲಿದ್ದದ್ದನ್ನು ಕೆಸರು ತುಂಬಿಕೊಂಡಿತು.

ಹೊರದೇಶದ್ದು ಚುಟುಕಾಗಿ. 1989ರಲ್ಲಿ ಲಂಡನ್ನಿನಲ್ಲಿ ಕಚೇರಿ ಕಟ್ಟಡಕ್ಕೆ ತಳಪಾಯ ತೆಗೆಯುವಾಗ ಷೇಕ್ಸ್‌ಪಿಯರನ ಕಾಲದ ರೋಸ್ ನಾಟಕಶಾಲೆಯ ತಳ ಸಿಕ್ಕಿತು. ನಟರು ಬೀದಿಗೆ ಬಂದರು, ದೊಡ್ಡ ಗಲಾಟೆಯಾಯಿತು. ಮರುವರ್ಷವೇ ಸರ್ಕಾರ ನಿಯಮ ತಂದಿತು: ಕಟ್ಟಲು ಅನುಮತಿ ಕೇಳುವ ಹಂತದಲ್ಲೇ ಪುರಾತತ್ತ್ವದ ಪರಿಶೀಲನೆ, ಖರ್ಚು ಕಟ್ಟುವವನದು. 1992ರ ವ್ಯಾಲೆಟ್ಟಾ ಒಪ್ಪಂದ ಯುರೋಪಿನ ಉಳಿದ ಕಡೆಗೂ ಅದೇ ದಾರಿ ತೋರಿಸಿತು. ಗ್ರೀಸಿನ ಥೆಸಲೊನೀಕಿಯ ಮೆಟ್ರೊ 2024ರ ನವೆಂಬರಿನಲ್ಲಿ ಓಡತೊಡಗಿತು. ಅಗೆತದಲ್ಲಿ ಸಿಕ್ಕ ವಸ್ತುಗಳು ಮೂರು ಲಕ್ಷ. ಬಹಳ ತಡವಾಯಿತು, ನಿಜ. ಮಣ್ಣಿನೊಳಗೆ ಏನಿದೆ ಎಂದು ಅಗೆಯುತ್ತಾ ತಿಳಿದುಕೊಂಡರೆ ತಡ ಆಗಿಯೇ ಆಗುತ್ತದೆ.

ನಮ್ಮ ಅರ್ಜಿ ನಮೂನೆಗಳನ್ನೂ ನೋಡಿ. 2006ರ ಪರಿಸರ ಪರಿಣಾಮ ಅಧಿಸೂಚನೆಯ ನಮೂನೆ 15 ಕಿಲೋಮೀಟರ್ ಒಳಗೆ ಕಾನೂನಿನಿಂದ ರಕ್ಷಿತವಾದ ಸಾಂಸ್ಕೃತಿಕ ಮಹತ್ವದ ಜಾಗ ಇದೆಯೇ ಎಂದು ಕೇಳುತ್ತದೆ. ರಕ್ಷಿತ! ಮತ್ತೆ ಅದೇ ಪಟ್ಟಿ. ದೊಡ್ಡ ಕಟ್ಟಡಗಳ ನಮೂನೆಯಲ್ಲಿ ಮಾತ್ರ ಹತ್ತಿರದಲ್ಲಿ ಪುರಾತತ್ತ್ವ ನೆಲೆಯೋ ವಸ್ತುವೋ ಇದೆಯೇ ಎಂದು ನೇರವಾಗಿ ಕೇಳಿದ್ದಾರೆ. ರೈಲು ಮಾರ್ಗವಂತೂ ಆ ಅಧಿಸೂಚನೆಯ ಪಟ್ಟಿಯಲ್ಲೇ ಇಲ್ಲ. ಅಪಾರ್ಟ್‌ಮೆಂಟ್ ಕಟ್ಟುವವನು ಉತ್ತರ ಕೊಡಬೇಕು, ನೂರು ಹಳ್ಳಿ ಸೀಳಿಕೊಂಡು ಹೋಗುವ ಹಳಿಗೆ ಪ್ರಶ್ನೆಯೇ ಇಲ್ಲ. ಇದನ್ನು ಬದಲಿಸಲು ದೆಹಲಿಗೆ ಹೋಗಬೇಕು. ಜಂಟಿ ಅಳತೆಯ ಹಾಳೆಗೆ ಒಂದು ಕಾಲಂ ಸೇರಿಸಲು ಅಷ್ಟು ದೂರ ಹೋಗಬೇಕಿಲ್ಲ ಎಂದು ನನ್ನ ಎಣಿಕೆ. ಗ್ರಾಮ ಆಡಳಿತ ಅಧಿಕಾರಿಗಳಿಗೆ (ಹಿಂದಿನ ಗ್ರಾಮಲೆಕ್ಕಿಗರು), ಸರ್ವೆಯವರಿಗೆ ವೀರಗಲ್ಲು, ಸತಿ ಹೋದವಳ ನೆನಪಿನ ಮಾಸ್ತಿಕಲ್ಲು, ಲಿಂಗಮುದ್ರೆಯ ಎಲ್ಲೆಕಲ್ಲು, ಶಾಸನ, ಕಲ್ಲಿನ ಸುತ್ತು, ಇವುಗಳ ಚಿತ್ರ ತೋರಿಸಿ ಅರ್ಧ ದಿನ ಹೇಳಿಕೊಟ್ಟರೆ ಸಾಕು. ತೆಂಗಿನ ವಯಸ್ಸನ್ನು ನೋಡಿಯೇ ಹೇಳುವ ಜನ ಅವರು.

1936ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಹಲ್ಮಿಡಿಯ ಕಲ್ಲನ್ನು ಗುರುತಿಸಿದಾಗ ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ. ರೈಸ್ ಸಂಪುಟ ಬಂದು ಮೂವತ್ತು ವರ್ಷ ದಾಟಿತ್ತು, ಅದರಲ್ಲೂ ಇಲ್ಲ. ಸುಮಾರು ಕ್ರಿ.ಶ. 450ರ, ಹದಿನಾರು ಸಾಲಿನ ಕನ್ನಡ, ಬೇಲೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸುಮ್ಮನೆ ನಿಂತಿತ್ತು. ಆ ವರ್ಷಕ್ಕೆ ಮುಂಚೆ ಆ ದಾರಿಯಲ್ಲಿ ಮೋರಿ ಕಟ್ಟುವವರಿಗೆ ಒಂದು ಉದ್ದ ಕಲ್ಲು ಬೇಕಾಗಿದ್ದರೆ, ಯಾವ ಕಾನೂನೂ ತಡೆಯುತ್ತಿರಲಿಲ್ಲ.

ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಸೇರಿಸುತ್ತೇನೆ. ಸಿವಿಲ್ ಓದುವ ಹುಡುಗಿಯೊಬ್ಬಳು, "ಸಾರ್, ಇದನ್ನೆಲ್ಲ ಮಾಡ್ತಾ ಕೂತ್ರೆ ಪ್ರಾಜೆಕ್ಟ್ ಮುಗಿಯೋದು ಯಾವಾಗ?" ಎಂದಳು. ನೋಡಮ್ಮ, ನೀವು ಮಣ್ಣಿನ ಪರೀಕ್ಷೆಗೆ ಬೋರ್ ಹಾಕುತ್ತೀರಿ, ಸೇತುವೆಗೆ ನೂರು ವರ್ಷದ ನೆರೆ ಲೆಕ್ಕ ಹಾಕುತ್ತೀರಿ, ಅವಕ್ಕೆ ಸಮಯ ಮೊದಲೇ ಎತ್ತಿಟ್ಟಿರುತ್ತೀರಿ. ಇದನ್ನೂ ಡಿಪಿಆರ್‌ನಲ್ಲೇ, ಅಂದರೆ ಯೋಜನೆಯ ವಿವರ ವರದಿಯಲ್ಲೇ, ಬರೆದುಕೊಂಡರೆ ಉಳಿದ ಕೆಲಸದ ಜೊತೆಜೊತೆಗೇ ಆಗುತ್ತದೆ. ಕೆಲಸ ನಿಲ್ಲುವುದು ಹಿಟಾಚಿಯ ಮುಂದೆ ವಿಗ್ರಹ ಎದ್ದು, ಊರವರು ಪೆಂಡಾಲು ಹಾಕಿ, ತಹಶೀಲ್ದಾರರು ಬಂದು ಹೋದ ಮೇಲೆ.

ಅರಸೀಕೆರೆ ಕಡೆಯ ಹಿರಿಯರೊಬ್ಬರದು ನಿಜವಾದ ಭಯ: "ಕಲ್ಲು ಐತೆ ಅಂತ ನಾವೇ ಹೇಳಿದ್ರೆ ಜಮೀನು ಹಿಡ್ಕೊಂಡ್‌ಬಿಡ್ತಾರೆ ಸಾಮಿ." ಇಲ್ಲ ಗೌಡ್ರೇ. 100 ಮೀಟರಿನ ನಿಷೇಧ ಬರುವುದು ಕೇಂದ್ರ ರಕ್ಷಿತ ಎಂದು ಘೋಷಣೆಯಾದ ಸ್ಮಾರಕಕ್ಕೆ. ಘೋಷಣೆಗೆ ಮುಂಚೆ ಎರಡು ತಿಂಗಳ ನೋಟಿಸು ಕೊಟ್ಟು ಆಕ್ಷೇಪಣೆ ಕೇಳಬೇಕು. ಬೇಲಿಯ ಒಂದು ವೀರಗಲ್ಲನ್ನು ಬರೆಸಿದ ಮಾತ್ರಕ್ಕೆ ಹೊಲ ಹೋಗುವುದಿಲ್ಲ. ಚಿನ್ನ ನಾಣ್ಯ ಸಿಕ್ಕರೆ ಬೇರೆ ಮಾತು, 1962ರ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಕಲ್ಲಾದರೆ ಎತ್ತಬೇಡಿ, ಎಣ್ಣೆ, ಬಣ್ಣ, ಸುಣ್ಣ ಹಚ್ಚಬೇಡಿ. ಬೆಳಿಗ್ಗೆಯ ಇಲ್ಲವೇ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೊ ತೆಗೆಯಿರಿ, ಅಕ್ಷರ ಆಗಲೇ ಎದ್ದು ಕಾಣುವುದು. ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲೋ ಕುಡುಗೋಲೋ ಇಡಿ, ಮೊಬೈಲಿನಲ್ಲಿ ಲೊಕೇಶನ್ ಆನ್ ಇರಲಿ. ಊರು, ಹೋಬಳಿ, ಸರ್ವೆ ನಂಬರು ಬರೆದು ತಹಶೀಲ್ದಾರರಿಗೆ ಒಂದು ಪ್ರತಿ, ಮೈಸೂರಿನಲ್ಲಿರುವ ರಾಜ್ಯ ಪುರಾತತ್ತ್ವ ಇಲಾಖೆಗೆ ಇನ್ನೊಂದು. ಸ್ವೀಕೃತಿಯ ಮೊಹರು ಮಾತ್ರ ಮರೆಯದೆ ಹಾಕಿಸಿಕೊಳ್ಳಿ.